ಹೆಣಿಗೆಯ ಅಚ್ಚು ಹೊತ್ತ ಮಣ್ಣು

ಕುರುಗೋಡು ಮತ್ತು ಸಿರುಗುಪ್ಪದ ನಡುವೆ, ಡಾಂಬರು ರಸ್ತೆ ಬಿಟ್ಟು ತುಸು ಒಳಗೆ ಹೋದರೆ ಸಿಗುವ ಊರೊಂದರ ಕಡೇ ಓಣಿಯಲ್ಲಿ ಕುಂಬಾರರ ಅಂಗಳವಿದೆ. ಮನೆಯವರು ತಮ್ಮ ಹೆಸರು ಬರೆಯುವುದು ಬೇಡವೆಂದರು; ಹಾಗಾಗಿ ಊರಿನ ಹೆಸರನ್ನೂ ಬಿಟ್ಟಿದ್ದೇನೆ. ತುಂಗಭದ್ರೆಯ ಕಾಲುವೆ ನೀರು ಹಾಯುವ ಕಡೆ ಭತ್ತದ ಗದ್ದೆ, ನೀರು ಹತ್ತದ ಕಡೆ ಜೋಳ, ಹತ್ತಿ, ಮೆಣಸಿನಕಾಯಿಯ ಎರೆ ಹೊಲ. ಎರಡರ ನಡುವೆ ಈ ಓಣಿ. ಇಲ್ಲಿ ಗಡಿಗೆ, ಹಣತೆ, ಮಣ್ಣೆತ್ತು ಎಲ್ಲ ಕುಂಬಾರರ ಮನೆಯಲ್ಲಿ ಆಗುವಂತೆಯೇ ಆಗುತ್ತವೆ. ಅದರ ಜೊತೆಗೆ ಹಗ್ಗ, ಬಾಯಿಕುಕ್ಕೆ, ನೆಲುವು, ಕಂಬಳಿ, ಉಲ್ಲನ್ ಹೆಣಿಗೆ ಇವುಗಳ ಅಚ್ಚು ಹೊತ್ತ ಮಣ್ಣಿನ ಫಲಕಗಳೂ ಪಾತ್ರೆಗಳೂ ತಯಾರಾಗುತ್ತವೆ. ನಾನು ಹೋದದ್ದು ಅವನ್ನು ನೋಡಲಿಕ್ಕೆ. ತಲೆಬಾಗಿಲಿನಿಂದ ಹಿತ್ತಲ ಆವಿಗೆಯವರೆಗೆ ನಡೆದ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

ಬಾಗಿಲ ಹೊರಗೇ ಮಣ್ಣಿನ ಗುಡ್ಡೆಗಳು. ದೂರದಿಂದ ಒಂದೇ ರಾಶಿಯಂತೆ ಕಂಡಿತು. ಹತ್ತಿರ ಹೋದಾಗ ಬೇರೆ ಬೇರೆ ಎಂದು ತಿಳಿಯಿತು. ಬೂದು ಬಣ್ಣದ್ದು ಕೆರೆಯ ಹೂಳು. ಕಪ್ಪನೆಯದು ಹೊಲದ ಎರೆ ಮಣ್ಣು. ಪಕ್ಕದಲ್ಲಿ ಹಗರಿ ಹೊಳೆಯ ನಯವಾದ ಮರಳು, ಚೀಲದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು. ಎರೆ ಮಣ್ಣು ಒಂದನ್ನೇ ಹಿಡಿದು ಗಡಿಗೆ ಮಾಡಿದರೆ ನಿಲ್ಲುವುದಿಲ್ಲ. ನೀರು ಕುಡಿದಾಗ ಉಬ್ಬಿ, ಒಣಗುವಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಹೊಲವನ್ನು ಕಂಡವರಿಗೆ ಈ ಗುಣ ಗೊತ್ತೇ ಇದೆ. ಅದಕ್ಕೇ ಹೂಳಿನ ಜೊತೆ ಸ್ವಲ್ಪ ಎರೆ, ಬಿರುಕು ತಡೆಯಲು ಮರಳು, ಒಳಗಿನ ಹಬೆ ಹೊರಬರಲು ದಾರಿಯಾಗುವಂತೆ ಹೊಟ್ಟು. ಆವಿಗೆಯಲ್ಲಿ ಹೊಟ್ಟು ಉರಿದುಹೋಗಿ ಸಣ್ಣ ಸಣ್ಣ ರಂಧ್ರ ಬಿಡುತ್ತದೆ. ಎಷ್ಟಕ್ಕೆ ಎಷ್ಟು ಎಂದು ಕೇಳಿದೆ. ಮನೆಯ ಹಿರಿಯರು ಅಳತೆ ಹೇಳಲಿಲ್ಲ. ಹಿಡಿ ಮಣ್ಣನ್ನು ಎಳೆಯಾಗಿ ಹೊಸೆದು ಬೆರಳಿಗೆ ಸುತ್ತಿ ತೋರಿಸಿದರು. ಎಳೆ ಬಿರಿಯದೆ ಸುತ್ತಿಕೊಂಡರೆ ಮಣ್ಣು ಹದಕ್ಕೆ ಬಂತು.

ಬಾಗಿಲು ದಾಟಿದರೆ ಎಡಕ್ಕೆ ನೆನೆಹಾಕುವ ಗುಂಡಿ, ಅದರ ಪಕ್ಕ ತುಳಿಯುವ ಕಟ್ಟೆ. ಕಾಲಿನಲ್ಲಿ ತುಳಿಯುವಾಗ ಸಣ್ಣ ಹರಳು ಸಿಕ್ಕರೂ ಅಂಗಾಲಿಗೆ ಗೊತ್ತಾಗುತ್ತದೆ, ಆಗಲೇ ತೆಗೆದು ಬಿಸಾಡುತ್ತಾರೆ. ಬಲಕ್ಕೆ ಚಪ್ಪರದ ಕೆಳಗೆ ತಿಗರಿ. ಈಗ ಅದು ಕರೆಂಟಿನದು. ಹಳೆಯ ಭಾರದ ಚಕ್ರ ಗೋಡೆಗೆ ಒರಗಿ ನಿಂತಿದೆ. ಕೋಲು ಸಿಕ್ಕಿಸಿ ತಿರುಗಿಸುತ್ತಿದ್ದ ಕುಳಿ ಸವೆದು ನುಣುಪಾಗಿದೆ.

ತಿಗರಿಯಿಂದ ಇಳಿದ ಗಡಿಗೆ ಇನ್ನೂ ಗಡಿಗೆಯಲ್ಲ. ಬಾಯಿ, ಕಂಠ ಮುಗಿದಿರುತ್ತವೆ. ಕೆಳಗೆ ದಪ್ಪ ಗೋಡೆ, ತಳ ತೆರೆದೇ ಇರುತ್ತದೆ. ಅದನ್ನು ನೆರಳಲ್ಲಿ ಆರಿಸಿ, ಒಳಗೆ ದುಂಡು ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಳ ಕೂಡಿಸುತ್ತಾರೆ. ಅಂಟದಿರಲೆಂದು ಆಗಾಗ ಬೂದಿ ಉದುರಿಸುತ್ತಾರೆ. ತಟ್ಟಿದಂತೆ ಗೋಡೆ ತೆಳುವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಸದ್ದೂ ಬದಲಾಗುತ್ತದೆ. ಮಣ್ಣು ಎಲ್ಲಿ ದಪ್ಪ ಉಳಿದಿದೆಯೆಂದು ಹಿರಿಯರು ಕಿವಿಯಿಂದಲೇ ಹೇಳಿದರು. ನಾನೂ ಕಿವಿಗೊಟ್ಟೆ, ಮೊದಲಿಗೆ ಏನೂ ತಿಳಿಯಲಿಲ್ಲ. ದಪ್ಪ ಜಾಗ, ತೆಳು ಜಾಗ ಎರಡನ್ನೂ ಒಂದರ ಹಿಂದೊಂದು ತಟ್ಟಿ ತೋರಿಸಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ದುಂಡು ತಳದ ಗಡಿಗೆಗಳು ಭತ್ತದ ಹುಲ್ಲಿನ ಸಿಂಬಿಗಳ ಮೇಲೆ ಸಾಲಾಗಿ ಕೂತಿದ್ದವು. ಹೊಲದ ಹೆಣಿಗೆ ಮೊದಲು ಕಣ್ಣಿಗೆ ಬಿದ್ದದ್ದು ಇಲ್ಲಿಯೇ. ಹಸಿ ಗಡಿಗೆಯ ತಳದಲ್ಲಿ ಸಿಂಬಿಯ ಹುಲ್ಲೆಳೆಗಳ ಗುರುತು ತೆಳುವಾಗಿ ಮೂಡಿತ್ತು. ಯಾರೂ ಬೇಕೆಂದು ಒತ್ತಿದ್ದಲ್ಲ ಅದು.

ಪಡಸಾಲೆಗೆ ಹತ್ತಿದೆ. ಒಂದು ಗೋಡೆಯ ತುಂಬಾ ಗೂಟಗಳು; ಗೂಟಕ್ಕೊಂದು ಸಾಮಾನು. ಎತ್ತಿನ ಕಣ್ಣಿ, ಮೂಗುದಾರ, ಬಾಯಿಕುಕ್ಕೆ, ಕಾರಹುಣ್ಣಿಮೆಗೆ ಕಟ್ಟುವ ಗೊಂಡೆ, ಕವಣೆ, ನೆಲುವು, ಕರಿ ಕಂಬಳಿಯ ತುಂಡು, ಬಿದಿರಿನ ಮೊರ, ಹಳೇ ಹೆಡಿಗೆಯ ಅಂಚು. ಮೊದಲ ನೋಟಕ್ಕೆ ರೈತರ ಮನೆಯ ಅಟ್ಟವನ್ನೇ ಇಳಿಸಿ ತೂಗುಹಾಕಿದ್ದಾರೆ ಎನ್ನಿಸಿತು. ಬಹುಪಾಲು ಬಂದದ್ದೂ ಅಲ್ಲಿಂದಲೇ. ಟ್ರ್ಯಾಕ್ಟರ್ ಬಂದು ಎತ್ತು ಮಾರಿದವರು, ಫ್ರಿಜ್ ಬಂದು ನೆಲುವು ಬಿಚ್ಚಿದವರು ತಂದುಕೊಟ್ಟ ಸಾಮಾನುಗಳು ಇವು.

ನೆಲುವಿನ ಮುಂದೆ ಬಹಳ ಹೊತ್ತು ನಿಂತೆ. ಹಾಲು, ಮಜ್ಜಿಗೆ, ಬೆಣ್ಣೆಯ ಗಡಿಗೆಗಳನ್ನು ಇರುವೆ, ಬೆಕ್ಕು ಮುಟ್ಟದಂತೆ ತೊಲೆಯಿಂದ ಇಳಿಬಿಡುತ್ತಿದ್ದ ಹಗ್ಗದ ಜಾಳಿಗೆ ಅದು. ಇದಕ್ಕೆ ಬೇಕಾದ ನಾರು ಪುಂಡಿಯದು. ಎಳೆಯದಿದ್ದಾಗ ನಾವು ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಪುಂಡಿ. ಬಲಿತ ಕಡ್ಡಿಯನ್ನು ನೀರಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ನಾರು. ಅದನ್ನು ತೊಡೆಯ ಮೇಲೆ ಹೊಸೆದು ಹಗ್ಗ ಮಾಡುತ್ತಾರೆ. ಹೊಲ ಕೊಟ್ಟ ನಾರು, ಕೆರೆ ಕೊಟ್ಟ ಗಡಿಗೆ, ಎರಡೂ ಸೇರಿದರೆ ಅಡುಗೆಮನೆಯ ಒಂದು ಏರ್ಪಾಡು. ಈ ಅಂಗಳದಲ್ಲಿ ಮಣ್ಣಿಗೂ ಹೆಣಿಗೆಗೂ ಹೊಸದಾಗಿ ನಂಟು ಕಟ್ಟಿದ್ದಾರೆಂದು ನಾನು ಭಾವಿಸಿ ಬಂದಿದ್ದೆ. ನೆಲುವನ್ನು ನೋಡಿದ ಮೇಲೆ, ಆ ನಂಟು ಮೊದಲೇ ಇತ್ತು, ಇವರು ಅದನ್ನು ಕಾಣುವಂತೆ ಮಾಡಿದ್ದಾರೆ ಎಂದೆನಿಸತೊಡಗಿತು.

ಪಡಸಾಲೆಯ ಇನ್ನೊಂದು ತುದಿಯಲ್ಲಿ ಅಚ್ಚು ಒತ್ತುವ ಮಣೆ. ಕೆಲಸ ಮಾಡುತ್ತಿದ್ದವರು ಈ ಮನೆಯ ಸೊಸೆ. ಪಕ್ಕದಲ್ಲಿ ಅತ್ತೆ ಕುಳಿತು ಕುಕ್ಕೆಯ ಹರಿದ ಕಣ್ಣುಗಳನ್ನು ಸರಿಮಾಡುತ್ತಿದ್ದರು. ಮಣೆಯ ಮೇಲೆ ಹಾಸಿದ್ದು ಜೀನ್ಸ್ ಬಟ್ಟೆಯ ತುಂಡು. ಬಳ್ಳಾರಿ ನಗರದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವುದು ದೊಡ್ಡ ಕಸುಬು. ಅಲ್ಲಿ ಕತ್ತರಿಸಿ ಉಳಿದ ಚೂರುಗಳು ಚೀಲಗಟ್ಟಲೆ ಸಿಗುತ್ತವೆ. ಮಣ್ಣು ಮಣೆಗೆ ಅಂಟದಿರಲೆಂದು ಹಾಸಿದ ಆ ಬಟ್ಟೆಯ ಓರೆಗೆರೆಗಳು ಪ್ರತಿ ಫಲಕದ ಹಿಂಬದಿಯಲ್ಲಿ ಮೂಡುತ್ತವೆ. ಮುಂದೆ ಎತ್ತಿನ ಕುಕ್ಕೆ, ಹಿಂದೆ ಜೀನ್ಸ್. ಬಳ್ಳಾರಿ ಸೀಮೆಯ ಎರಡು ದುಡಿಮೆಗಳು ಒಂದೇ ಹೆಂಟೆಯ ಎರಡು ಮುಖಗಳಲ್ಲಿ ನಿಂತಿದ್ದವು.

ಕೆಲಸ ಹೀಗೆ ಸಾಗುತ್ತದೆ. ಹದವಾದ ಮಣ್ಣನ್ನು ಲಟ್ಟಣಿಗೆಯಿಂದ ಬೆರಳು ದಪ್ಪ ಲಟ್ಟಿಸುತ್ತಾರೆ. ತುಸು ಆರಲು ಬಿಡುತ್ತಾರೆ. ತೀರಾ ಹಸಿಯಿದ್ದರೆ ನಾರಿಗೆ ಮಣ್ಣು ಮೆತ್ತಿಕೊಂಡು ಅಚ್ಚು ಕಲಸಿಹೋಗುತ್ತದೆ. ಆರಿದ್ದು ಹೆಚ್ಚಾದರೆ ಒತ್ತಿದಲ್ಲಿ ಬಿರಿಯುತ್ತದೆ. ಉಗುರು ಊರಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು, ಅದೇ ಹೊತ್ತು. ಮೇಲೆ ಬೂದಿ ಉದುರಿಸಿ ಕುಕ್ಕೆಯನ್ನು ಹರಡಿ, ಲಟ್ಟಣಿಗೆಯನ್ನು ಒಂದೇ ಸಲ, ಒಂದೇ ಭಾರದಲ್ಲಿ ಹಾಯಿಸುತ್ತಾರೆ. ಎರಡನೇ ಸಲ ಹಾಯಿಸಿದರೆ ಗೆರೆ ಜೋಡಿಯಾಗುತ್ತದೆ. ಆಮೇಲೆ ಒಂದು ಮೂಲೆಯಿಂದ ಮೆಲ್ಲಗೆ ಎಬ್ಬಿಸುತ್ತಾರೆ.

ಎಬ್ಬಿಸಿದ ಮೇಲೆ ಬಾಗಿ ನೋಡಿದೆ. ಹಗ್ಗದ ಉಬ್ಬು ಮಣ್ಣಿನಲ್ಲಿ ತಗ್ಗಾಗಿತ್ತು, ಹೊಸೆತದ ಓರೆ ತಿರುವುಮುರುವಾಗಿತ್ತು. ಪ್ರತಿ ಗಂಟು ಒಂದು ಪುಟ್ಟ ಕುಳಿ. ಕುಕ್ಕೆಯ ನಡುಭಾಗದ ಗೆರೆಗಳು ಅಂಚಿನವಕ್ಕಿಂತ ಸಣ್ಣವು, ಅಲ್ಲಲ್ಲಿ ಚಪ್ಪಟೆ. ಇದೇಕೆ ಹೀಗೆ ಎಂದು ನನಗೆ ಹೊಳೆಯಲಿಲ್ಲ. ಅತ್ತೆ ವಿವರಿಸಿದರು: ಎತ್ತು ಬೆಳೆಗೆ ಬಾಯಿ ಹಾಕಲು ನೋಡಿದಾಗಲೆಲ್ಲ ಮೂತಿ ಉಜ್ಜಿ ಸವೆದ ಜಾಗ ಅದು. ಎಡೆ ಹೊಡೆಯುವಾಗ ಎತ್ತು ಪೈರು ತಿನ್ನದಿರಲೆಂದಲ್ಲವೇ ಕುಕ್ಕೆ ಕಟ್ಟುವುದು! ಸವೆದ ಹಗ್ಗವನ್ನೇ ಏಕೆ ಬಳಸುತ್ತೀರಿ, ಅಂಗಡಿಯಲ್ಲಿ ಹೊಸ ಬಲೆ ಸಿಗುತ್ತದಲ್ಲ ಎಂದು ಕೇಳಿದೆ.

“ಹೊಸಾದು ಒತ್ತಿದ್ರ ಬರೇ ಗೆರಿ ಬೀಳ್ತಾವ್ರಿ. ದುಡಿದಿದ್ದು ಒತ್ತಿದ್ರ ದುಡಿದಿದ್ದೂ ಬೀಳ್ತೈತಿ,” ಎಂದರು.

ನೈಲಾನ್ ಹಗ್ಗದ ಅಚ್ಚನ್ನೂ ತೋರಿಸಿದರು. ಅದು ಚೊಕ್ಕಟವಾಗಿತ್ತು, ತುದಿಯಿಂದ ತುದಿಗೆ ಒಂದೇ ಸಮನಾಗಿತ್ತು. ಪಕ್ಕದಲ್ಲಿಟ್ಟ ಪುಂಡಿ ಹಗ್ಗದ ಅಚ್ಚಿನಲ್ಲಿ ನಾರು ಕೂಡಿಸಿದ ಜಾಗ, ಹೊಸೆತ ಸಡಿಲಾದ ಜಾಗ, ಮತ್ತೆ ಬಿಗಿಹಿಡಿದ ಜಾಗ ಒಂದೊಂದೂ ಬೇರೆಯಾಗಿ ಕಾಣುತ್ತಿತ್ತು. ಹೆಣೆದವರು ಎಲ್ಲಿ ಕೈ ಬದಲಿಸಿದರೆಂದು ಸೊಸೆ ಬೆರಳಿಟ್ಟು ತೋರಿಸಿದರು. ಅವರು ತೋರಿಸಿದ ಮೇಲೆ ಮಾತ್ರ ನನಗೂ ಕಂಡಿತು. ಒಂದೆರಡು ಕಡೆ ಕಂಡಿತೋ, ಕಂಡಂತೆ ಅನಿಸಿತೋ ಖಾತ್ರಿಯಿಲ್ಲ.

ಮಣ್ಣಿನ ಮೇಲೆ ಹಗ್ಗದ ಗುರುತು ಹಾಕುವುದು ಮನುಷ್ಯರು ಬಹಳ ಹಿಂದೆ ಕಲಿತ ವಿದ್ಯೆ. ಜಪಾನಿನ ಜೋಮೋನ್ ಕಾಲದ ಪಾತ್ರೆಗಳು ಹಗ್ಗದ ಅಚ್ಚಿಗೇ ಹೆಸರಾದವು. ನಮ್ಮಲ್ಲೂ ವಿಂಧ್ಯದ ಕಡೆಯ ನವಶಿಲಾಯುಗದ ನೆಲೆಗಳಲ್ಲಿ ಹಗ್ಗದ ಗುರುತಿನ ಮಡಕೆಗಳು ಸಿಕ್ಕಿವೆ. ಹಳೆಯ ಮಡಕೆ ಚೂರಿನ ತಗ್ಗುಗಳಿಗೆ ಮೆದು ಪದಾರ್ಥ ಒತ್ತಿ ತೆಗೆದರೆ, ಎಂದೋ ಮಣ್ಣಾಗಿಹೋದ ಹಗ್ಗದ ರೂಪವನ್ನು ಮತ್ತೆ ಪಡೆಯಬಹುದು. ಪುರಾತತ್ವದವರು ಹೀಗೆಯೇ ಹಳೇ ಹೊಸೆತ, ಹಳೇ ಗಂಟುಗಳನ್ನು ಓದುತ್ತಾರೆ. ನಾರು ಉಳಿಯುವುದಿಲ್ಲ, ಸುಟ್ಟ ಮಣ್ಣು ಉಳಿಯುತ್ತದೆ.

ಈ ಸೀಮೆಗೂ ಬಹಳ ಹಳೆಯ ನೆನಪಿದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಅಗೆದಾಗ ಕಲ್ಲುಗುಡ್ಡಗಳ ನಡುವೆ ನವಶಿಲಾಯುಗದ ರೈತರ ನೆಲೆ ಸಿಕ್ಕಿತು. ಕೈಯಲ್ಲೇ ಮಾಡಿದ ಬೂದು ಮಡಕೆಗಳು, ಗುಂಡುಕಲ್ಲುಗಳ ನಡುವೆ ಕಟ್ಟಿಕೊಂಡ ತಡಿಕೆ ಗೋಡೆಯ ದುಂಡು ಗುಡಿಸಲುಗಳ ಕುರುಹು, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಸಮಾಧಿ ದೊರೆತವು. ಬಳ್ಳಾರಿ ನಗರದ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ಸುಮಾರು 4,000 ವರ್ಷಗಳ ಹಿಂದೆ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಜಾಗವಿದೆ. ಅಲ್ಲಿನ ಕರಿಗಲ್ಲುಗಳ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳಲ್ಲಿ ಉದ್ದ ಕೊಂಬಿನ ದನಗಳೇ ಹೆಚ್ಚು. ಕುಡತಿನಿಯ ಬೂದಿಗುಡ್ಡ ಸಗಣಿ ಸುಟ್ಟು ಸುಟ್ಟು ಬೆಳೆದದ್ದು. ದನ, ಹೊಲ, ಮಣ್ಣು, ಬೆಂಕಿ ಈ ನಾಲ್ಕರ ಸಹವಾಸ ಇಲ್ಲಿ ಇವತ್ತಿನದಲ್ಲ.

ಪಡಸಾಲೆಯಿಂದ ಒಳಗೆ ಕಾಲಿಟ್ಟರೆ ಸಣ್ಣ ಕೋಣೆ. ಅಲ್ಲಿ ಉಲ್ಲನ್ ಕೆಲಸ. ಬಳ್ಳಾರಿಯ ಬಿಸಿಲಿಗೆ ಸ್ವೆಟರ್ ಬೇಕಾಗುವ ದಿನಗಳು ಕಡಿಮೆ. ಆದರೂ ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ, ತಟ್ಟೆ ಮುಚ್ಚುವ ವಸ್ತ್ರ ಹೀಗೆ ಕ್ರೋಶಾ ಕಡ್ಡಿಯ ಕೆಲಸ ಈ ಊರುಗಳ ಬಹಳ ಮನೆಗಳಲ್ಲಿ ಕಾಣುತ್ತದೆ. ಸೊಸೆ ತವರಿನಿಂದ ಕಲಿತು ತಂದ ವಿದ್ಯೆಯೂ ಅದೇ. ಅವರು ಹತ್ತಿ ದಾರದಲ್ಲಿ ಹೂವಿನ ಕಣ್ಣುಗಳನ್ನು ಹೆಣೆದು, ಅದನ್ನು ಮಜ್ಜಿಗೆಯಷ್ಟು ತೆಳುವಾದ ಮಣ್ಣಿನ ಕದಡಿನಲ್ಲಿ ಅದ್ದುತ್ತಾರೆ. ಹಿಂಡದೆ ಎತ್ತಿ, ಗಡಿಗೆಯ ಬೆನ್ನಿನ ಮೇಲೆ ಹರವಿ ಒಣಗಿಸಿ, ಮತ್ತೆ ಅದ್ದುತ್ತಾರೆ. ಹಲವು ಪದರ ಕೂತ ಮೇಲೆ ಆವಿಗೆಗೆ. ಒಳಗಿನ ದಾರ ಸುಟ್ಟುಹೋಗಿ, ಅದರ ಸುತ್ತ ಕೂತ ಮಣ್ಣು ಮಾತ್ರ ಉಳಿಯುತ್ತದೆ. ಹೆಣಿಗೆ ಇರುವುದಿಲ್ಲ, ಹೆಣಿಗೆಯ ಆಕಾರವೇ ಒಂದು ಬಟ್ಟಲಾಗಿ ನಿಂತಿರುತ್ತದೆ.

ಒಂದನ್ನು ಕೈಗೆ ಕೊಟ್ಟರು. ಬಹಳ ಹಗುರ. ಮುರಿದ ಒಂದು ಚೂರನ್ನು ಬೆಳಕಿಗೆ ಹಿಡಿದಾಗ, ಮಣ್ಣಿನ ಎಳೆಯ ನಡುವೆ ದಾರವಿದ್ದ ಜಾಗ ಸೂಜಿ ತೂರುವಷ್ಟು ಸಣ್ಣ ಕೊಳವೆಯಾಗಿ ಕಂಡಿತು. ಉಣ್ಣೆ ದಾರವನ್ನೂ ಹೀಗೆ ಅದ್ದುತ್ತಾರಂತೆ. ಸುಡುವಾಗ ಕೂದಲು ಸುಟ್ಟ ವಾಸನೆ ಓಣಿ ತುಂಬುತ್ತದೆಂದು ಹೆಚ್ಚು ಮಾಡುವುದಿಲ್ಲ. ಕರಿ ಕಂಬಳಿಯನ್ನು ಮಾತ್ರ ಒತ್ತಿ ಅಚ್ಚು ತೆಗೆಯುತ್ತಾರೆ, ಸುಡುವುದಿಲ್ಲ. ಬಳ್ಳಾರಿ ಕುರಿ ಎಂಬ ತಳಿಯೇ ಇದೆ; ಅದರ ಒರಟು ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು. ನೇಯುವ ಮುನ್ನ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಡುಸು ಮಾಡುತ್ತಾರೆ. ಆ ಗಡಸುತನವೂ ಅಚ್ಚಿನಲ್ಲಿ ಬರುತ್ತದೆ: ಒಂದು ದಿಕ್ಕಿನ ಎಳೆಗಳು ನೆಟ್ಟಗೆ, ಇನ್ನೊಂದು ದಿಕ್ಕಿನವು ತುಸು ಅಲುಗಿದಂತೆ.

ಇದೇ ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಕಣಜ ಇತ್ತು. ಮಾರಾಟಕ್ಕಲ್ಲ, ಮನೆಯದು. ಬಿದಿರು ದಬ್ಬೆಗಳನ್ನು ಹೆಣೆದು ಆಳೆತ್ತರದ ಗುಡಾಣ ಮಾಡಿ, ಒಳಗೂ ಹೊರಗೂ ಮಣ್ಣು-ಸಗಣಿ ಮೆತ್ತಿ ಸಾರಿಸಿದ್ದು. ಭತ್ತ, ಜೋಳ ತುಂಬಿ ಮೇಲೆ ಮುಚ್ಚಿದರೆ ಹುಳು, ತೇವ ಸುಲಭಕ್ಕೆ ಒಳಹೋಗುವುದಿಲ್ಲ. ಒಂದು ಕಡೆ ಮೆತ್ತಿದ್ದು ಉದುರಿತ್ತು. ಉದುರಿದ ಹೆಂಟೆಯನ್ನು ತಿರುಗಿಸಿ ನೋಡಿದೆ. ಅದರ ಒಳಮೈಯಲ್ಲಿ ಬಿದಿರಿನ ಹೆಣಿಗೆ ಹಾಗೇ ಅಚ್ಚಾಗಿತ್ತು, ಮಣೆಯ ಮೇಲೆ ಬೇಕೆಂದೇ ಒತ್ತಿದ ಫಲಕದಷ್ಟೇ ಸ್ಪಷ್ಟವಾಗಿ. ಹೊರಗೆ ನೋಡಿದ್ದಕ್ಕೆಲ್ಲ ಈ ಹೆಂಟೆಯಲ್ಲಿ ಉತ್ತರವಿತ್ತು. ಸೊಸೆಗೆ ಮೊದಲು ಈ ಕೆಲಸದ ಯೋಚನೆ ಬಂದದ್ದೂ ಕಣಜಕ್ಕೆ ಮತ್ತೆ ಮಣ್ಣು ಮೆತ್ತುವಾಗಲೇ ಅಂತೆ.

ಕೋಣೆಯ ಹಿಂಬಾಗಿಲು ಹಿತ್ತಲಿಗೆ ತೆರೆಯುತ್ತದೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಮಣ್ಣೆತ್ತುಗಳ ಜೋಡಿಗಳು, ಮುಂದೆ ಪುಟ್ಟ ಗ್ವಾದಲಿ. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಇವನ್ನು ಮನೆಮನೆಯಲ್ಲಿ ಪೂಜಿಸುತ್ತಾರೆ. ಇವನ್ನು ಸುಡುವುದಿಲ್ಲ, ಪೂಜೆ ಮುಗಿದ ಮೇಲೆ ನೀರಿಗೆ ಬಿಟ್ಟರೆ ಮಣ್ಣು ಮಣ್ಣಿಗೆ ಸೇರಬೇಕು. ಕುರುಗೋಡಿನ ದೊಡ್ಡ ಬಸವಣ್ಣನನ್ನು ಒಂದೇ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಸೀಮೆಯಲ್ಲೇ, ಎರಡೇ ದಿನದ ಪೂಜೆಗೆಂದು ಅಂಗೈ ಅಗಲದ ಬಸವನನ್ನೂ ಮಾಡುತ್ತಾರೆ. ಎತ್ತಿನ ಬೆನ್ನ ಮೇಲೆ ಜೂಲು ಹೊದಿಸಿದಂತೆ ಕಾಣಲು ಕಂಬಳಿಯ ತುಂಡು ಒತ್ತಿದ್ದರು. ಹಿರಿಯರು ಮೊದಲು ಇದನ್ನು ಒಪ್ಪಿರಲಿಲ್ಲ. ಪೂಜೆಯ ಎತ್ತಿಗೆ ಹೊಸ ಚಂದ ಯಾಕೆ ಎಂದಿದ್ದರಂತೆ. ಈಗ ಅವರೇ ಒತ್ತುತ್ತಾರೆ.

ಭಾದ್ರಪದ ಬಂದರೆ ಜೋಕುಮಾರನ ಸರದಿ. ಮಣ್ಣಿನ ಮೂರ್ತಿ ಕುಂಬಾರರ ಮನೆಯಲ್ಲಿ ಹುಟ್ಟುತ್ತದೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು, ಹೆಂಗಸರ ತಲೆಯ ಮೇಲೆ ಓಣಿ ಓಣಿ ತಿರುಗಿ, ಮನೆಯವರಿಂದ ಕಾಳು ಪಡೆಯುತ್ತದೆ. ಮೂರ್ತಿ ಹೊತ್ತ ಹೆಂಗಸರು ಮರಳಿ ಕೊಡುವ ನುಚ್ಚು ಹೊಲಕ್ಕೆ ಚರಗವಾಗಿ ಹೋಗುತ್ತದೆ. ಹಬ್ಬದಲ್ಲೂ ಹಾಗೆಯೇ, ಕುಂಬಾರರ ಮಣ್ಣು, ಹೆಣೆದ ಬುಟ್ಟಿ, ರೈತರ ಕಾಳು ಒಟ್ಟಿಗೇ ಮೆರವಣಿಗೆ ಹೊರಡುತ್ತವೆ.

ಹಿತ್ತಲ ನಡುವೆ ಆವಿಗೆ. ನಾನು ಹೋದಾಗ ಜೋಡಿಸುವ ಕೆಲಸ ನಡೆದಿತ್ತು. ಕೆಳಗೆ ಬಳ್ಳಾರಿ ಜಾಲಿಯ ಕಟ್ಟಿಗೆ. ಅಮೆರಿಕ ಖಂಡದಿಂದ ಬಂದು ನಮ್ಮ ಬೀಳು ನೆಲವನ್ನೆಲ್ಲ ಹಿಡಿದ ಈ ಮುಳ್ಳುಗಿಡ ರೈತರಿಗೆ ಪೀಡೆ, ಕುಂಬಾರರಿಗೆ ಒಳ್ಳೆ ಸೌದೆ. ಅದರ ಮೇಲೆ ಹತ್ತಿಕಡ್ಡಿ, ಮೆಣಸಿನ ಗಿಡದ ಕಡ್ಡಿ, ಕುಳ್ಳು. ದೊಡ್ಡ ಗಡಿಗೆಗಳು ಅಡಿಗೆ, ಫಲಕಗಳು ನಡುವೆ ನಿಲುವಾಗಿ, ಹೆಣಿಗೆಯ ಬಟ್ಟಲುಗಳು ದೊಡ್ಡ ಗಡಿಗೆಗಳ ಹೊಟ್ಟೆಯೊಳಗೆ. ನೇರ ಉರಿ ತಾಗಿದರೆ ಅವು ಉಳಿಯುವುದಿಲ್ಲ. ಮೇಲೆ ಹುಲ್ಲು, ಹೊಟ್ಟು ಹರಡಿ ಮಣ್ಣು ಬಳಿಯುತ್ತಾರೆ.

ಮೊದಲ ಉರಿ ತೀರಾ ಸಣ್ಣದಿರಬೇಕು. ಮಣ್ಣಿನೊಳಗೆ ಉಳಿದ ನೀರು 100 ಡಿಗ್ರಿ ಮುಟ್ಟಿದಾಗ ಹಬೆಯಾಗುತ್ತದೆ. ಅದು ಒಮ್ಮೆಲೇ ನುಗ್ಗಿದರೆ ಪಾತ್ರೆ ಸಿಡಿಯುತ್ತದೆ. ಮುಂದೆ 573 ಡಿಗ್ರಿಯ ಹತ್ತಿರ ಮರಳಿನ ಕಣಗಳು ಹಠಾತ್ತನೆ ಹಿಗ್ಗುತ್ತವೆ. ತಣ್ಣಗಾಗುವಾಗ ಅದೇ ಜಾಗದಲ್ಲಿ ಮತ್ತೆ ಕುಗ್ಗುತ್ತವೆ. ಇಂಥ ಹಳ್ಳಿ ಆವಿಗೆಯ ಕಾವು ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಮುಟ್ಟುತ್ತದೆ. ಹಿರಿಯರ ಹತ್ತಿರ ಮಾಪಕವಿಲ್ಲ. ಸಂದಿಯಿಂದ ಕಾಣುವ ಬಣ್ಣ ನೋಡಿ ಸೌದೆ ಕೊಡುತ್ತಾರೆ. ಗಾಳಿ ಆಡಿದ ಕಡೆ ಮಣ್ಣಿನೊಳಗಿನ ಕಬ್ಬಿಣ ಕೆಂಪಾಗುತ್ತದೆ. ಹೊಗೆ ಕಟ್ಟಿದ ಕಡೆ ಕಪ್ಪಾಗುತ್ತದೆ. ಹೆಣಿಗೆಯ ತಗ್ಗುಗಳಲ್ಲಿ ಹೊಗೆ ನಿಂತರೆ ಗೆರೆ ಕಪ್ಪಾಗಿ, ಮೇಲ್ಮೈ ಕೆಂಪಾಗಿ ಉಳಿಯುತ್ತದೆ. ಅದು ಬೇಕೆಂದಾಗ ಬರುತ್ತದೆಯೇ ಎಂದರೆ, ಬಂದಾಗ ಬರುತ್ತದೆ ಎಂದರು.

ಹಿತ್ತಲ ಕೊನೆಯ ಚಪ್ಪರದಲ್ಲಿ ಸುಟ್ಟು ಮುಗಿದವನ್ನು ಇಟ್ಟಿದ್ದರು. ಕವಣೆಯ ಅಚ್ಚಿನ ಒಂದು ಉದ್ದ ಫಲಕ ನನ್ನನ್ನು ಹಿಡಿದು ನಿಲ್ಲಿಸಿತು. ಜೋಳ ಹಾಲುಗಾಳು ಕಟ್ಟಿದಾಗ ಮಂಚಿಕೆ ಮೇಲೆ ನಿಂತು ಹಕ್ಕಿ ಹೊಡೆಯುತ್ತಿದ್ದ ಕವಣೆ. ಎರಡು ನೀಳ ಎಳೆ, ನಡುವೆ ಕಲ್ಲು ಕೂರುವ ಹೆಣೆದ ಮಡಿಕೆ, ಒಂದು ತುದಿಯಲ್ಲಿ ಬೆರಳು ತೂರಿಸುವ ಕುಣಿಕೆ. ಕುಣಿಕೆ ಬಹಳ ಸಣ್ಣದಿತ್ತು. ಹುಡುಗರ ಬೆರಳಿನ ಅಳತೆ. ಹಳ್ಳಿಯ ಮಕ್ಕಳು ಹೊಲದಲ್ಲಿ ಕಳೆದ ಸುಗ್ಗಿಯ ಹಗಲುಗಳ ಬಗ್ಗೆ ಆ ಕುಣಿಕೆ ಹೇಳಿದಷ್ಟು ನನಗೆ ಯಾವ ಬರಹವೂ ಹೇಳಿಲ್ಲ.

ಗಡಿಗೆ ಕೊಳ್ಳಲು ಬಂದವರು ಈ ಫಲಕಗಳನ್ನು ಹೇಗೆ ನೋಡುತ್ತಾರೆ ಎಂದು ಕೇಳಿದೆ. ಊರಿನವರು ಕೊಳ್ಳುವುದು ಕಡಿಮೆ. ಆದರೆ ಬಂದವರು ಬೆರಳಾಡಿಸಿ ಇದು ಕಣ್ಣಿ, ಇದು ಮೂಗುದಾರ ಎಂದು ಗುರುತು ಹಿಡಿಯುತ್ತಾರೆ, ಗಂಟು ತಪ್ಪಿದ್ದರೆ ಹೇಳುತ್ತಾರೆ. ನಗರದಿಂದ ಬಂದವರು ಗೋಡೆಗೆಂದು ಕೊಳ್ಳುತ್ತಾರೆ. ಇದನ್ನು ಕಲೆಯೆನ್ನಬೇಕೋ ಕಸುಬೆನ್ನಬೇಕೋ ಎಂಬುದು ನನಗೆ ಹೊರಡುವವರೆಗೂ ತೀರ್ಮಾನವಾಗಲಿಲ್ಲ. ಮನೆಯವರಿಗೆ ಆ ಪ್ರಶ್ನೆಯಿಂದ ತೊಂದರೆಯಿದ್ದಂತೆ ಕಾಣಲಿಲ್ಲ. ಗಂಟು ತಪ್ಪಿದೆ ಎನ್ನಬಲ್ಲವರು ಬರುತ್ತಿರುವವರೆಗೆ ಕೆಲಸ ಸರಿದಾರಿಯಲ್ಲಿರುತ್ತದೆ ಎಂಬುದು ಅವರ ಲೆಕ್ಕ. ಅದು ನನಗೂ ಸರಿಯೆನಿಸಿತು.

ಆದರೆ ಅಚ್ಚಿಗೆ ಬೇಕಾದ ಹಳೇ ಸಾಮಾನಿನ ಬಗ್ಗೆ ಆತಂಕವಿದೆ. ಸವೆದ ಕುಕ್ಕೆಯೊಂದು ಎಷ್ಟು ಅಚ್ಚು ಕೊಡಬಹುದು? ಒತ್ತಿದಷ್ಟೂ ನಾರು ಹರಿಯುತ್ತದೆ. ಅತ್ತೆ ಸರಿಮಾಡಬಲ್ಲರು, ಹೊಸದಾಗಿ ಹೆಣೆಯಲು ಅವರಿಗೆ ಬಾರದು. ಊರಲ್ಲಿ ಕುಕ್ಕೆ ಹೆಣೆಯಬಲ್ಲ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆಸಿ ಸೊಸೆಯೂ ಓಣಿಯ ಮಕ್ಕಳೂ ಕಲಿಯುತ್ತಿದ್ದಾರೆ. ಪುಂಡಿಯನ್ನು ನಾರಿಗಾಗಿ ಬಲಿಯಲು ಬಿಡಿ ಎಂದು ಹೊಲದವರೊಬ್ಬರನ್ನು ಒಪ್ಪಿಸಿದ್ದಾರೆ. ಕುಂಬಾರರ ಮನೆಯೊಂದು ಹಗ್ಗ ಹೊಸೆಯುವ ವಿದ್ಯೆಗೆ ಆಸರೆಯಾಗಿ ನಿಂತಿರುವುದು ಈ ಭೇಟಿಯಲ್ಲಿ ನಾನು ಕಂಡ ಅತಿ ದೊಡ್ಡ ಸಂಗತಿ.

ಓದುಗರಲ್ಲಿ ಬಹಳಷ್ಟು ಜನರ ಹಳ್ಳಿಮನೆಯ ಅಟ್ಟದಲ್ಲಿ ಇಂಥ ಸಾಮಾನು ಇನ್ನೂ ಇದ್ದೀತು. ಬಿಸಾಡುವ ಮುನ್ನ ಇಳಿಸಿ ನೋಡಿ. ಹೆಣೆದವರು ಬದುಕಿದ್ದರೆ ಎದುರಿಗೆ ಕೂತು ಇನ್ನೊಂದನ್ನು ಹೆಣೆಸಿ, ಮೊದಲ ಗಂಟಿನಿಂದ ಕಡೆಯ ಗಂಟಿನವರೆಗೆ ನೋಡಿ ಕಲಿಯಿರಿ. ಹೆಣೆದವರು ಇಲ್ಲವಾದರೆ ಹತ್ತಿರದ ಕುಂಬಾರರ ಹತ್ತಿರ ಒಯ್ದು ಹಸಿ ಮಣ್ಣಿನ ಮೇಲೆ ಒತ್ತಿಸಿ, ಸುಡಿಸಿ ಇಟ್ಟುಕೊಳ್ಳಿ. ಹಾಗೆಯೇ ಒಂದು ನೀರಿನ ಗಡಿಗೆಯನ್ನೂ ಕೊಂಡು ಬನ್ನಿ. ಗಡಿಗೆ ಮಾರಾಟವಾದರಷ್ಟೇ ಆವಿಗೆಗೆ ಬೆಂಕಿ ಬೀಳುತ್ತದೆ, ಆವಿಗೆ ಉರಿದರಷ್ಟೇ ಅಚ್ಚು ಗಟ್ಟಿಯಾಗುತ್ತದೆ.